ನುಗ್ಗೆಮರದ ಓತಿಕ್ಯಾತ

ಅಂಗಳದಲ್ಲಿ ಓತಿಕ್ಯಾತ ಇದ್ದ ಮೇಲೆ ಇಂಥವು ಆಗುತ್ತಲೇ ಇರುತ್ತವೆ. ತೊಂಬತ್ತರ ದಶಕದಲ್ಲಿ ನಾನು ಮೇಷ್ಟ್ರಾಗಿದ್ದಾಗ ನಾವು ಚಳ್ಳಕೆರೆಯಲ್ಲಿ ಬಾಡಿಗೆಗಿದ್ದೆವು. ಮದುವೆಯಾದ ವರ್ಷ ನನ್ನ ಹೆಂಡತಿ ಮೊಳಕಾಲ್ಮೂರಿನ ತವರಿನಿಂದ ನುಗ್ಗೆಕೊಂಬೆ ತಂದು ನೆಟ್ಟಿದ್ದಳು. ಅದು ಮರವಾಯಿತು, ಮರಕ್ಕೊಂದು ಓತಿಕ್ಯಾತ ಬಂದು ಸೇರಿತು. ಕಂಬಳಿಹುಳ ಹೆಚ್ಚಾಯಿತೆಂದು ಮನೆ ಮಾಲೀಕರು ಮರ ಕಡಿಸುವ ಮಾತಾಡುತ್ತಲೇ ಇದ್ದರು. ಅವಳು ತಡೆಯುತ್ತಲೇ ಇದ್ದಳು. ಅವಳು ತೀರಿಹೋದ ಮೇಲೆ ಈ ಪ್ರಸಂಗಗಳನ್ನು ಯಾರಿಗೂ ಹೇಳಿರಲಿಲ್ಲ. ಹೇಳಿದರೆ ನಗಬೇಕಾಗುತ್ತದೆ.

೧. ಕೆಂಪು ಕತ್ತು

ಮೈಗಿಂತ ಉದ್ದದ ಬಾಲ, ಬೆನ್ನ ಮೇಲೆ ಗರಗಸದಂಥ ಮುಳ್ಳು. ಬಣ್ಣ ತೊಗಟೆಯದೇ. ಒಂದು ಬೇಸಿಗೆಯಲ್ಲಿ ಅದರ ತಲೆ, ಕತ್ತು ಕೆಂಪೇರಿದವು. ಯಾರದೋ ರಕ್ತ ಹೀರಿ ಬಂದೈತೆ ಎಂದು ಅವಳು ಹೆದರಿದಳು. ನಾನು ಪಾಠದ ಧಾಟಿಯಲ್ಲಿ ವಿವರಿಸಿದೆ: ಇದು ಗಂಡು, ಹೆಣ್ಣಿನ ಎದುರು ಹೀಗೆ ಕೆಂಪಾಗಿ ತಲೆಯಾಡಿಸುತ್ತದೆ.

ಅವಳು ಅದರ ತಲೆಯಾಟ ನೋಡಿ, “ನಮ್ಮನೆಗೆ ಹೆಣ್ಣು ನೋಡಾಕೆ ಬಂದಾಗ ನೀವೂ ಹಿಂಗೇ ಇದ್ರಿ,” ಎಂದಳು.

ಅವಳಪ್ಪ ತೆಲುಗಿನಲ್ಲಿ ಏನು ಕೇಳಿದರೂ ನಾನು ಅರ್ಥವಾಗದೆ ತಲೆಯಾಡಿಸಿದ್ದು ನಿಜ. ಬೇಸಿಗೆ ರಜೆಯಲ್ಲಿ ಅವರ ರೇಷ್ಮೆ ಮಗ್ಗಕ್ಕೆ ಕೂರುತ್ತೇನೆಂದು ಒಪ್ಪಿಕೊಂಡಿದ್ದೆನಂತೆ. ಅದು ಗೊತ್ತಾದದ್ದು ಮೊದಲ ರಜೆಯಲ್ಲಿ.

೨. ಬಾಯಿ ಮುಚ್ಚಿದ ತರಗತಿ

ನಮ್ಮ ಶಾಲೆ ಪರಶುರಾಂಪುರದ ಕಡೆಯ ಹಳ್ಳಿಯಲ್ಲಿತ್ತು. ಮನೆಯದನ್ನು ನೋಡಿ ನೋಡಿ ರೂಢಿಯಾಗಿ, ಒಂದು ದಿನ ಮಕ್ಕಳನ್ನು ಶಾಲೆಯ ಹೊಂಗೆಮರದಡಿ ಕೂರಿಸಿ, ಅಲ್ಲಿನ ಓತಿಕ್ಯಾತವನ್ನೇ ತೋರಿಸಿ ಪಾಠ ಮಾಡಿದೆ. ಅವತ್ತೇ ಇನ್‌ಸ್ಪೆಕ್ಟರು ಬಂದರು. ಅದು ಏನು ತಿನ್ನುತ್ತದೆ ಎಂದು ಕೇಳಿದರು. ಮಕ್ಕಳೆಲ್ಲ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಕೂತಿದ್ದರು. ಏನೂ ಕಲಿಸಿಲ್ಲವೆಂದು ಇನ್‌ಸ್ಪೆಕ್ಟರು ನನ್ನ ಮೇಲೆ ಗರಂ ಆದರು. ಬಾಯಿ ತೆರೆದವರ ಹಲ್ಲನ್ನು ಓತಿಕ್ಯಾತ ಎಣಿಸಿದರೆ ಅವರ ಹಲ್ಲೆಲ್ಲ ಉದುರುತ್ತವೆಂದು ಇಲ್ಲಿನ ಮಕ್ಕಳ ನಂಬಿಕೆ ಎಂದು ಹೆಡ್‌ಮಾಸ್ಟರು ತಿಳಿಸಿದರು.

ಇನ್‌ಸ್ಪೆಕ್ಟರು ಅಲ್ಲೇ ನಿಂತು ಮೂಢನಂಬಿಕೆಯ ವಿರುದ್ಧ ಒಳ್ಳೆಯ ಭಾಷಣ ಮಾಡಿದರು, ಬಾಯಿಗೆ ಕರವಸ್ತ್ರ ಹಿಡಿದುಕೊಂಡು.

೩. ಚಾಚಾನ ಹೆಗಲು

ನಮ್ಮ ಮನೆ ಮಾಲೀಕರು ಟ್ರ್ಯಾಕ್ಟರ್ ಮೆಕ್ಯಾನಿಕ್. ನಾವು ಅವರನ್ನು ಚಾಚಾ ಎನ್ನುತ್ತಿದ್ದೆವು. ಒಂದು ಬೆಳಿಗ್ಗೆ ಅವರು ಕೊಡಲಿಯವನನ್ನು ಕರೆತಂದೇ ಬಿಟ್ಟರು. ಹುಳವನ್ನೆಲ್ಲ ಓತಿಕ್ಯಾತ ತಿಂದು ಮುಗಿಸುತ್ತದೆ, ಮರ ಬಿಡಿ ಎಂದು ಅವಳು ಬೇಡಿಕೊಂಡಳು. ಅದು ಇರುವೆ, ಮಿಡತೆ ತಿನ್ನುವುದನ್ನು ನಾನು ನೋಡಿದ್ದೆ. ಕಂಬಳಿಹುಳ ಮುಟ್ಟಿದ್ದನ್ನು ನೋಡಿರಲಿಲ್ಲ. ಹಾಗೆಂದು ಹೇಳಲು ಹೊರಟೆ. ಅವಳು ನನ್ನ ಕಾಲು ತುಳಿದಳು.

ಅದು ಹುಳ ತಿನ್ನುವುದನ್ನು ಕಣ್ಣಾರೆ ತೋರಿಸಿದರೆ ಮರ ಬಿಡುವುದಾಗಿ ಹೇಳಿ ಚಾಚಾ ಕಾಂಡದ ಪಕ್ಕದಲ್ಲೇ ನಿಂತರು. ಎಲ್ಲಿಂದಲೋ ಒಂದು ಪತಂಗ ಬಂದು ಅವರ ಹೆಗಲ ಮೇಲೆ ಕೂತಿತು. ಓತಿಕ್ಯಾತ ಕಾಂಡದಿಂದ ನೆಗೆದು, ಹೆಗಲಿನ ಮೇಲೆಯೇ ಅದನ್ನು ಹಿಡಿದು, ನಿಧಾನವಾಗಿ ಅಗಿಯತೊಡಗಿತು. ಕೊಡಲಿಯವನು ಹಿಂದೆ ಸರಿದ. ಚಾಚಾ ಉಸಿರೂ ಬಿಡದೆ ನಿಂತರು.

“ನೋಡ್ರಿ ಚಾಚಾ, ಹುಳದ ಅವ್ವನ್ನೇ ತಿಂತೈತೆ,” ಎಂದಳು ಅವಳು.

ಚಾಚಾ ತುಟಿಯನ್ನಷ್ಟೇ ಅಲ್ಲಾಡಿಸಿದರು.

“ಮರ ಇರಲಿ ಬೇಟಿ. ನಾನು ಮರ ಅಲ್ಲ ಅಂತ ಇದಕ್ಕೆ ಹೇಳು.”