ತಂಪು ಕಾರಿನ ನಡುಕದ ತನಿಖೆ

ಬಾಗೂರಿನ ಮುದ್ದಪ್ಪ ಮೊದಲ ಸಲ ಮನೆ ಬಿಟ್ಟು ಹೋದದ್ದು ಒಂದು ಮಂಗಳವಾರ ಎಂಬುದು ನಿರ್ವಿವಾದ. ಮಂಗಳವಾರ ಮನೆ ಬಿಡಬಾರದೆಂದು ಊರಿಗೆ ಊರೇ ನಂಬಿದ್ದರಿಂದ ಹೊಸದುರ್ಗದ ಬಸ್ಸಿನಲ್ಲಿ ಅವನಿಗೆ ಕಿಟಕಿ ಪಕ್ಕದ ಸೀಟೇ ಸಿಕ್ಕಿತು. ಮಗ್ಗಿ ಹನ್ನೆರಡರ ತನಕ ಬಂದಿತ್ತು. ಹದಿಮೂರರದ್ದು ಕಲಿಯುವಷ್ಟು ಹೊತ್ತು ಒಂದೇ ಕಡೆ ಕೂರಲು ಅವನ ಅಂಗಾಲು ಒಪ್ಪಲಿಲ್ಲ. ಆಮೇಲೆ ಲಾರಿ ಕ್ಲೀನರ್, ಟೆಂಟ್ ಸಿನಿಮಾದ ಗೇಟು ಕಾಯುವವ, ಬೋರ್‌ವೆಲ್ ಗಾಡಿಯ ಡ್ರೈವರ್ ಮುಂತಾದ ಹುದ್ದೆಗಳನ್ನು ಅಲಂಕರಿಸಿ, ಎಪ್ಪತ್ನಾಲ್ಕನೇ ಇಸವಿಯ ಬೇಸಿಗೆಯಲ್ಲಿ ಚಿತ್ರದುರ್ಗದ ಶೇಂಗಾ ಸಿಪ್ಪೆ ಸದ್ಬಳಕೆ ಮಂಡಳಿಗೆ ಹಂಗಾಮಿ ಡ್ರೈವರಾಗಿ ಬಂದ. ಸಂಬಳ ನೋಡಿ ಬಂದವನಲ್ಲ. ವಾರವಿಡೀ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಸುತ್ತಬೇಕು ಎಂದಿದ್ದರು. ಇಷ್ಟು ದಿನ ಬೈಸಿಕೊಂಡು ಮಾಡುತ್ತಿದ್ದ ಕೆಲಸವನ್ನು ಸರ್ಕಾರವೇ ಪೆಟ್ರೋಲು ಹಾಕಿಸಿ ಮಾಡಿಸುತ್ತದೆ ಎಂದರೆ ಯಾರು ಬಿಟ್ಟಾರು?

ಮಂಡಳಿಯ ವಿಶೇಷಾಧಿಕಾರಿ ಶಿವಕುಮಾರಪ್ಪನವರ ಕಾರಿಗೆ ಏರ್ ಕಂಡೀಷನ್ ಇತ್ತು. ಜಿಲ್ಲೆಯಲ್ಲಿ ಬೇರೆ ಯಾವ ಕಾರಿಗೂ ಇರಲಿಲ್ಲ. ಮೇಲಿನ ಕಚೇರಿಗೆ ಅವರು ಬರೆದ ಕಾರಣ ಸರಳವಾಗಿತ್ತು: ಸಿಪ್ಪೆ ಬಿಸಿಲಲ್ಲಿ ಒಣಗಿದಷ್ಟೂ ಒಳ್ಳೆಯದು, ಅಧಿಕಾರಿ ಹಾಗಲ್ಲ.

ಮೊದಲ ಪ್ರವಾಸದಲ್ಲೇ, ಹೊಳಲ್ಕೆರೆಯ ರೈಲ್ವೆ ಗೇಟಿನಲ್ಲಿ ಕಾರು ನಿಂತಾಗ, ಸಾಹೇಬರ ಕೈಯಲ್ಲಿದ್ದ ಮಜ್ಜಿಗೆ ಪ್ಯಾಂಟಿನ ಮೇಲೆ ಚೆಲ್ಲಿತು. ಏ.ಸಿ. ಆರಿಸಿದರೆ ಕಾರು ದೇವರಂಥದ್ದು. ಹಾಕಿದರೆ ಚಳಿಜ್ವರ ಬಂದವರಂತೆ ಗಡಗಡ ನಡುಗುತ್ತಿತ್ತು, ಕೆಮ್ಮುತ್ತಿತ್ತು, ಇನ್ನೇನು ಹೋಗೇಬಿಟ್ಟಿತು ಅನ್ನುವಂತಾಗುತ್ತಿತ್ತು. ಆಕ್ಸಿಲರೇಟರ್ ಮೇಲೆ ಕಾಲಿಟ್ಟು ಮೆಲ್ಲಗೆ ಒತ್ತಿಹಿಡಿದರಷ್ಟೇ ಜೀವ.

ದುರ್ಗಕ್ಕೆ ಮರಳಿ ಕಾರನ್ನು ನಜೀರ್ ಅಹಮದನ ಗ್ಯಾರೇಜಿಗೆ ಬಿಟ್ಟರು. ತನಗಿಂತ ದೊಡ್ಡ ಮೆಕಾನಿಕ್ ಈ ಸೀಮೆಯಲ್ಲಿ ಹುಟ್ಟಿಲ್ಲ ಎಂಬ ಸಂಗತಿಯನ್ನು ನಜೀರ್ ತಾನೇ ಎಲ್ಲರಿಗೂ ತಿಳಿಸುತ್ತಿದ್ದ.

"ಏ.ಸಿ. ಹಾಕಪ್ಪ. ಆರ್ಸು. ಈಗ ಹಾಕು. ಹ್ಞಾ! ಎತ್ತು ಒಂದೇ, ಹೊರೆ ಎರಡು ಸಾಬ್. ಗಾಡಿ ನಿಂತಾಗ ಇಂಜಿನ್ ತೂಕಡಿಸ್ತಾ ಇರ್ತೈತೆ. ಆವಾಗ ಈ ಕಂಪ್ರೆಸರ್ ಹೋಗಿ ಅದರ ಬೆನ್ನ ಮೇಲೆ ಕುಂತ್ಕಂತೈತೆ. ಕಾರ್ಬೊರೇಟರ್ ಸ್ಕ್ರೂ ಅರ್ಧ ಸುತ್ತು ತಿರುವಿದ್ರೆ ಮುಗೀತು."

"ಅದು ನನಗೂ ಗೊತ್ತು," ಎಂದರು ಶಿವಕುಮಾರಪ್ಪ. "ಕಾರಿನ ಜೊತೆ ಬಂದ ಪುಸ್ತಕದಲ್ಲೂ ಇದೆ. ಆದರೆ ದೋಷ ಇನ್ನೂ ಅಧಿಕೃತವಾಗಿ ಕಂಡುಬಂದಿಲ್ಲ. ಕಂಡುಬರದ ದೋಷವನ್ನು ತೆಗೆದುಬಿಟ್ಟರೆ, ಇಲ್ಲದ್ದನ್ನು ಹೇಗೆ ತೆಗೆದಿರಿ ಅಂತ ನಾಳೆ ಆಡಿಟ್‌ನವರು ಕೇಳ್ತಾರೆ."

ಇದು ನಜೀರನಿಗೂ ನ್ಯಾಯವಾಗಿ ಕಂಡಿತು. ಮರುದಿನ ಕಚೇರಿಯ ಗೋಡೆಗೆ ಪ್ರಕಟಣೆ ಅಂಟಿತು: "ಮಂಡಳಿಯ ವಾಹನವು ತಂಪಾಗಿರುವಾಗ ನಡುಗುತ್ತಿರುವ ಬಗ್ಗೆ ತನಿಖಾ ಸಮಿತಿಯನ್ನು ರಚಿಸಲಾಗಿದೆ. ವಾಹನವು ನಿಂತಿರುವಾಗ, ತಂಪಿನ ಯಂತ್ರವು ಚಾಲನೆಯಲ್ಲಿರುವಾಗ ಮಾತ್ರ ದೋಷವು ಹಾಜರಿರುವುದರಿಂದ, ಸಮಿತಿಯು ನಿಂತ ವಾಹನದ ಒಳಗೇ, ತಂಪಿನಲ್ಲಿಯೇ ಸಭೆ ಸೇರತಕ್ಕದ್ದು. ತನಿಖೆ ಮುಗಿಯುವ ಮುನ್ನ ದೋಷವನ್ನು ಸರಿಪಡಿಸುವುದು ಸಾಕ್ಷ್ಯನಾಶವೆಂದು ಪರಿಗಣಿಸಲಾಗುವುದು."

ದುರ್ಗದ ಬೇಸಿಗೆ ಗೊತ್ತಲ್ಲ? ಹಗಲೆಲ್ಲ ಬಿಸಿಲು ಕುಡಿದ ಬಂಡೆಗಳು ಸಂಜೆ ಅದನ್ನು ಊರಿನ ಮೇಲೆ ಕಕ್ಕುತ್ತವೆ. ಕಚೇರಿಯ ಫ್ಯಾನು ಇದ್ದ ಬಿಸಿಗಾಳಿಯನ್ನೇ ಎಲ್ಲರಿಗೂ ಸಮನಾಗಿ ಹಂಚುತ್ತಿತ್ತು. ಹೀಗಾಗಿ ಸಮಿತಿಯ ಕಾರ್ಯನಿಷ್ಠೆ ಯಾರೂ ನಿರೀಕ್ಷಿಸದ ಮಟ್ಟ ಮುಟ್ಟಿತು. ಬೆಳಿಗ್ಗೆ ಬಾಗಿಲು ತೆರೆಯುವ ಮುಂಚೆಯೇ ವಿಶೇಷಾಧಿಕಾರಿಗಳು ಬೇವಿನಮರದಡಿಯ ಕಾರಿನಲ್ಲಿ ಹಾಜರು. ಸೂಪರಿಂಟೆಂಡೆಂಟ್ ಏಕಾಂತಮ್ಮನವರು ಸದಸ್ಯೆ. ದುರ್ಗದಲ್ಲಿ ಮೇ ತಿಂಗಳಲ್ಲಿ ಶಾಲು ಹೊದ್ದು ಕೆಲಸ ಮಾಡಿದ ಮೊದಲ ನೌಕರರು ಅವರೇ. ತಾಂತ್ರಿಕ ಸದಸ್ಯನಾಗಿ ನಜೀರ್ ಅಹಮದ್. ಆಕ್ಸಿಲರೇಟರಿನ ಮೇಲೆ ಮುದ್ದಪ್ಪನ ಬಲಗಾಲು.

ವಾರ ಕಳೆಯಿತು. ಹೊಸದುರ್ಗದ ಬಸ್ಸು ಎದುರಿಗೇ ಧೂಳೆಬ್ಬಿಸಿ ಹೋಗುವುದನ್ನು ಗಾಜಿನೊಳಗಿಂದ ನೋಡಿ ನೋಡಿ ಮುದ್ದಪ್ಪನಿಗೆ ತಡೆಯದಾಯಿತು.

"ಸಾಬ್ರೇ, ಅರ್ಧ ಸುತ್ತು ಅಂದಿದ್ರಲ್ಲ?"

"ಹೊರಗೆ ನಿಂತು ಹೇಳಿದ್ ಮಾತದು, ಮುದ್ದಪ್ಪ," ಎಂದ ನಜೀರ್, ಮೀಸೆಗೆ ತಂಪುಗಾಳಿ ತಾಗಿಸುತ್ತ. "ಒಳಗ್ ಕುಂತ್ಮೇಲೆ ಗೊತ್ತಾಯ್ತು. ಇದು ಬಹಳ ಆಳದ ಕಾಯಿಲೆ. ಗಾಜು ಏರ್ಸು, ತಂಪು ಹೋಗ್ತೈತೆ."

ಆ ಹೊತ್ತಿಗೆ ಗಾಜು ಬಡಿದವಳು ಧರ್ಮಪುರದ ಓಬವ್ವ. ಮಂಡಳಿ ಶೇಖರಿಸಿದ ಸಿಪ್ಪೆಯನ್ನೆಲ್ಲ ಅವಳ ಮನೆ ಬಾಗಿಲಿಗೇ ಗುಡ್ಡೆ ಹಾಕಿತ್ತು.

"ಯಾರ್ರೀ ಇಲ್ಲಿ ಸಾಹೇಬ್ರು? ನಿಮ್ ಸಿಪ್ಪೆ ದೆಸೆಯಿಂದ ನಮ್ಮನ್ಯಾಗ ಹಗಲೇ ಕತ್ಲು! ಹಿತ್ತಲ ಗೋಡೆ ಹತ್ತಿ ಒಳಗ್ ಹೋಗ್ತೀವಿ. ಬಂದು ಕಣ್ಣಾರೆ ನೋಡ್ರಿ!"

ಮುದ್ದಪ್ಪನ ಅಂಗಾಲು ಚುರುಗುಟ್ಟಿತು. "ಈಗ್ಲೇ ಹೋಗಾಣ ಸಾರ್. ಹಿರಿಯೂರಿನ ಮೇಲೆ ಹೋದ್ರೆ ಸಂಜೆಗೆ ವಾಪಸ್."

"ಮೊದಲು ಒಳಗೆ ಕೂತು ಅಹವಾಲು ಹೇಳಲಿ," ಎಂದರು ಏಕಾಂತಮ್ಮ, ಸರಿದು ಜಾಗ ಬಿಡುತ್ತ.

ಓಬವ್ವ ಕುಂತಳು. ಬಾಗಿಲು ಮುಚ್ಚಿತು. ಬಾಯಿಗೆ ಬಂದ ಬೈಗುಳ ಅಲ್ಲೇ ಆರಿಹೋಯಿತು. "ಎವ್ವಾ, ಏನ್ ತಣ್ಣಗೈತ್ರಿ!" ಅಂದವಳು ಎಲೆಅಡಿಕೆ ಚೀಲ ಬಿಚ್ಚಿದಳು.

"ಸಿಪ್ಪೆ ನೋಡಾಕೆ ಹೋಗಾಣೇನವ್ವ?" ಎಂದು ಮುದ್ದಪ್ಪ ಜ್ಞಾಪಿಸಿದ.

"ಅದೆಲ್ಲಿಗ್ ಓಡೋಗ್ತೈತೆ ಮಗಾ? ನೀ ಸುಮ್ಕೆ ಕಾಲ್ ಒತ್ತು."

ಅಂದಿನಿಂದ ಓಬವ್ವ ಸಾರ್ವಜನಿಕರ ಪರವಾಗಿ ಸಮಿತಿಯ ಸದಸ್ಯೆ. ಬೆಳಗಿನ ಬಸ್ಸಿಗೆ ಬಂದು ಸಂಜೆ ಬಸ್ಸಿಗೆ ಹೋಗುತ್ತಿದ್ದಳು. ಸಿಪ್ಪೆಯ ಕುರಿತು ದೂರಿಲ್ಲವೆಂದು ಮೇಲಿನ ಕಚೇರಿಗೆ ವರದಿ ಹೋಯಿತು.

ಒಂದು ದಿನ ಊಟದ ವಿರಾಮದಲ್ಲಿ ಮುದ್ದಪ್ಪ ಬಾನೆಟ್ ಎತ್ತಿ ಸ್ಕ್ರೂವನ್ನು ಅರ್ಧ ಸುತ್ತು ತಿರುವಿಬಿಟ್ಟ. ಸಮಿತಿ ಮರಳಿ ಬಂದಾಗ ಏ.ಸಿ. ಓಡುತ್ತಿತ್ತು, ಅವನ ಕಾಲು ಕೆಳಗಿತ್ತು, ಕಾರು ಹಾಲು ಕುಡಿದ ಕೂಸಿನಂತೆ ಮಲಗಿತ್ತು.

"ನಡುಕ ಎಲ್ಲಿ?" ಎಂದರು ಶಿವಕುಮಾರಪ್ಪ.

"ಹೋಯ್ತು ಸಾರ್. ಇನ್ನು ಹೊರಡಬಹುದು."

ನಜೀರ್ ಇಳಿದು ಬಾನೆಟ್ಟಿನೊಳಗೆ ಬಗ್ಗಿ ನೋಡಿ, ತಲೆ ಮೇಲೆ ಕೈ ಹೊತ್ತು, "ಯಾರೋ ರಿಪೇರಿ ಮಾಡ್ಯಾರೆ ಸಾಬ್," ಎಂದ. ತಕ್ಷಣ ದೋಷ ನಾಪತ್ತೆಯಾಗಿದೆ ಎಂದು ದಾಖಲಾಯಿತು. ಸಮಿತಿಯ ವಿಶೇಷ ಠರಾವಿನ ಮೇರೆಗೆ ನಜೀರ್ ಸ್ಕ್ರೂವನ್ನು ಹಿಂದಕ್ಕೆ ತಿರುವಿದ. ಕಾರು ನಡುಗಿತು. ಓಬವ್ವ ಕೈ ಮುಗಿದಳು.

ಮುದ್ದಪ್ಪ ತಪ್ಪೊಪ್ಪಿಕೊಂಡು, ಕೆಲಸದಿಂದ ತೆಗೆಯುತ್ತಾರೆಂದು ಒಳಗೊಳಗೇ ಹಿಗ್ಗಿದ. ಆದರೆ ಮಂಡಳಿ ನ್ಯಾಯಪರವಾಗಿತ್ತು. ದೋಷವನ್ನು ಇಷ್ಟು ಹತ್ತಿರದಿಂದ ಬಲ್ಲವನ ಕೈಗೇ ಅದನ್ನು ಒಪ್ಪಿಸುವುದು ಕ್ಷೇಮವೆಂದು ತೀರ್ಮಾನಿಸಿ, ಅವನನ್ನು 'ದೋಷಪಾಲಕ' ಎಂಬ ಕಾಯಂ ಹುದ್ದೆಗೆ ಏರಿಸಿದರು. ಇಂಜಿನ್ ಸಾಯದಂತೆ, ಚೆನ್ನಾಗಿಯೂ ಓಡದಂತೆ, ನಿವೃತ್ತಿಯವರೆಗೆ ಕಾಲೊತ್ತಿ ಹಿಡಿಯತಕ್ಕದ್ದು. ಸಾಕ್ಷ್ಯ ಓಡಿಹೋಗದಿರಲೆಂದು ನಾಲ್ಕೂ ಚಕ್ರ ಬಿಚ್ಚಿಸಿ ಕಾರನ್ನು ಗೋಡೆ ಕಟ್ಟುವ ಸೈಜುಗಲ್ಲಿನ ಮೇಲೆ ಕೂರಿಸಿದರು. ಸಂತೋಷಕ್ಕೆ ಎಲ್ಲರಿಗೂ ಮಂಡಕ್ಕಿ ಮೆಣಸಿನಕಾಯಿ ಹಂಚಿದರು.

"ಅದೃಷ್ಟವಂತ ಕಣಪ್ಪ ನೀನು," ಎಂದರು ಏಕಾಂತಮ್ಮ. "ಕೂತಲ್ಲೇ ಕಾಯಂ ಆಯ್ತು."

"ಅದಕ್ಕೇ ಅಮ್ಮಾರೇ, ನನ್ನ ಬಿಟ್ಟುಬಿಡ್ರಿ."

"ಬಿಡಬಹುದು," ಎಂದರು ಶಿವಕುಮಾರಪ್ಪ. "ಚಾರ್ಜು ಯಾರಿಗೆ ಕೊಡ್ತೀಯ?"

ಮುದ್ದಪ್ಪ ಬೆಟ್ಟದ ಬುಡಕ್ಕೆ ಹೋದ. ದುರ್ಗದಲ್ಲಿ ಕಲ್ಲಿಗೇನು ಬರವೇ? ಎತ್ತಿ ಎತ್ತಿ ತೂಕ ನೋಡಿ ಒಂದನ್ನು ಆರಿಸಿ ತಂದು ಆಕ್ಸಿಲರೇಟರಿನ ಮೇಲಿಟ್ಟ. ಇಂಜಿನ್ ಬೇಕಾದಷ್ಟೇ ನಡುಗಿತು, ಬೇಕಾದಷ್ಟೇ ಓಡಿತು. ಸಮಿತಿ ಅರ್ಧ ದಿನ ಅದರ ನಡತೆ ಗಮನಿಸಿತು.

"ರಜೆ ಕೇಳುತ್ತಾ?" ಏಕಾಂತಮ್ಮ ವಿಚಾರಿಸಿದರು.

"ಇಲ್ರೀ."

"ಪ್ರವಾಸಕ್ಕೆ ಹೋಗೋಣ ಅನ್ನುತ್ತಾ?"

"ಜನ್ಮದಾಗ ಅನ್ನಲ್ಲ."

ಶಿವಕುಮಾರಪ್ಪನವರು ಮೆಚ್ಚುಗೆಯಿಂದ ತಲೆದೂಗಿ, ಇಂಥ ಅಭ್ಯರ್ಥಿ ಮೊದಲೇ ಸಿಕ್ಕಿದ್ದರೆ ಚೆನ್ನಾಗಿತ್ತು ಎಂದರು.

ಸಂಜೆ ಮುದ್ದಪ್ಪ ಬಾಡಿಗೆ ಕೋಣೆಯಲ್ಲಿ ಎರಡು ಅಂಗಿ, ಒಂದು ಪಂಚೆ, ಕಂಬಳಿ ಹರಡಿಕೊಂಡು ಗಂಟು ಕಟ್ಟುತ್ತಿರುವಾಗ ನಜೀರ್ ಬಂದು ಬಾಗಿಲಲ್ಲಿ ನಿಂತ.

"ಯಾವ ಕಡೆ ಸವಾರಿ?"

"ಮೊದ್ಲು ಯಾವ ಬಸ್ಸು ಬರ್ತೈತೋ ಆ ಕಡೆ."

"ಹೋಗೋಕ್ ಮುಂಚೆ ನಿನ್ನ ಡ್ರೈವರ್ ಟೋಪಿ ಕೊಡಬೇಕಂತೆ. ಕಲ್ಲಿಗೆ ಯೂನಿಫಾರಂ ಇಲ್ಲ ಅಂತ ಏಕಾಂತಮ್ಮ ಬೇಜಾರ್ ಮಾಡ್ಕಂಡಾರೆ."

ಮುದ್ದಪ್ಪ ಗೂಟದಿಂದ ಟೋಪಿ ತೆಗೆದು, ಧೂಳು ಕೊಡವಿ ಕೊಟ್ಟ. "ಅದರ ತಲೆಗೆ ಸರಿಹೋಗ್ತೈತಾ, ಸಾಬ್ರೇ?"

ನಜೀರ್ ಟೋಪಿಯೊಳಗೆ ಮುಷ್ಟಿ ಹಾಕಿ ತಿರುಗಿಸಿ ನೋಡಿದ. "ಈಗ ಒಂಚೂರು ಸಡಿಲ. ಕಾಯಂ ಆಗ್ಲಿ ಬಿಡು, ಮೈ ತುಂಬ್ಕಂತಾನೆ."

"ಅದೂ ನಿಜ," ಎಂದು ಮುದ್ದಪ್ಪ ಮಂಡಿಯೂರಿ ಗಂಟನ್ನು ಬಿಗಿದ.