ಆಶಾರಾಣಿಯ ಬೈಕು, ಗಂಗಾಧರನ ಕೇಬಲ್ಲು

ಗಂಗಾಧರನಿಗೆ ಹೆಂಡತಿಯ ಮೇಲೆ ಯಾವ ದೂರೂ ಇರಲಿಲ್ಲ. ದೂರಿದ್ದದ್ದು ಅವಳ ಬೈಕಿನ ಹಿಂದಿನ ಸೀಟಿನ ಮೇಲೆ.

ಆಶಾರಾಣಿಗೆ ರೇಷ್ಮೆ ಇಲಾಖೆಯಲ್ಲಿ ನೌಕರಿ. ಹುಳ ಸಾಕುವವರ ಮನೆಗಳನ್ನು ನೋಡಿಕೊಂಡು ಬರಲು ಮೇಲೂರು, ದಿಬ್ಬೂರಹಳ್ಳಿ ಎಂದು ದಿನವೂ ಸುತ್ತಬೇಕು. ಆ ರಸ್ತೆಗಳಿಗೆ ಸ್ಕೂಟರು ಸಾಲದೆಂದು ದೊಡ್ಡ ಬೈಕನ್ನೇ ಕೊಂಡಿದ್ದಳು. ಶಿಡ್ಲಘಟ್ಟದ ಸೊಸೈಟಿಯೊಂದರಲ್ಲಿ ಗುಮಾಸ್ತನಾಗಿದ್ದ ಗಂಗಾಧರ ಆಫೀಸಿಗೆ ನಡೆದೇ ಹೋಗುವವನು. ಅವನು ಬೈಕು ಹತ್ತುತ್ತಿದ್ದದ್ದು ನೆಂಟರ ಮನೆಗೆ ಹೋಗುವಾಗ, ಹೆಂಡತಿಯ ಹಿಂದೆ. ಅವಳ ಲೆಕ್ಕದಲ್ಲಿ ರಸ್ತೆಯ ಹಂಪುಗಳು ಬರೀ ಸಲಹೆ, ಆಜ್ಞೆಯಲ್ಲ. ಹೆದರಿಕೆಯಾಗುತ್ತದೆಂದು ಅವನು ಯಾವತ್ತೂ ಒಪ್ಪಿಕೊಂಡವನಲ್ಲ, "ಸೊಂಟ ನೋವು" ಎನ್ನುತ್ತಿದ್ದ. (ಗಂಡಸಿನ ಮಾನ ಕಾಯಲೆಂದೇ ದೇವರು ಕೊಟ್ಟ ಅಂಗ ಅದು.)

ಹೀಗಿರುವಾಗ ಬೈಕಿಗೆ ರೋಗ ಬಂತು. ಹೊಸ ಸೈಲೆನ್ಸರ್ ಹಾಕಿಸಿದ ಮೇಲೆ ಅದು ಕೆಮ್ಮುತ್ತ, ಮುಗ್ಗರಿಸುತ್ತ ಓಡತೊಡಗಿತು. ಆಶಾರಾಣಿ ಆನ್‌ಲೈನಿನಲ್ಲಿ ಒಂದು ಟ್ಯೂನರ್ ತರಿಸಿದಳು. ಸೀಟಿನ ಕೆಳಗೆ ಕೂರುವ, ಸೋಪಿನ ಡಬ್ಬಿಯಷ್ಟು ದೊಡ್ಡ ಕಪ್ಪು ಪೆಟ್ಟಿಗೆ. ಇಂಜಿನ್ನು ಎಷ್ಟು ಪೆಟ್ರೋಲ್ ಕುಡಿಯಬೇಕೆಂದು ಹೇಳುವುದು ಅದರ ಕೆಲಸ. ಅದು ಏನು ಹೇಳಬೇಕೆಂದು ಕಂಪ್ಯೂಟರಿನಿಂದ ನಾವು ಹೇಳಿಕೊಡಬೇಕು.

ಆ ಭಾನುವಾರ ಚಿಂತಾಮಣಿಯಲ್ಲಿ ಅವಳ ಚಿಕ್ಕಮ್ಮ ಅಕ್ಕಯಮ್ಮನ ಮನೆಯಲ್ಲಿ ಊಟವಿತ್ತು. ಆಶಾರಾಣಿ ಬೆಳಗ್ಗೆಯೇ ಬೈಕನ್ನು ಅಂಗಳದಲ್ಲಿ ನಿಲ್ಲಿಸಿ, ಪಕ್ಕದ ಸ್ಟೂಲಿನ ಮೇಲೆ ಲ್ಯಾಪ್‌ಟಾಪ್ ಇಟ್ಟಳು.

"ಇದು ಸರಿ ಹೋದ್ರೆ ಬೈಕಲ್ಲಿ ಹೋಗಣ. ಇಲ್ದಿದ್ರೆ ಬಸ್ಸೇ ಗತಿ" ಎಂದಳು.

ಬಸ್ಸು! ಗಂಗಾಧರನ ಮನಸ್ಸು ಹಿಗ್ಗಿತು. ಕಿಟಕಿ ಪಕ್ಕದ ಸೀಟು, ಕೈಯಲ್ಲಿ ಕಡಲೆಕಾಯಿ ಪೊಟ್ಟಣ, ಚಿಂತಾಮಣಿ ಬರುವವರೆಗೆ ಒಂದು ನಿದ್ದೆ.

ಕೇಬಲ್ ಸಿಕ್ಕಿಸಿದ ಕೂಡಲೇ ಪೆಟ್ಟಿಗೆಯಲ್ಲಿ ಹಸಿರು ದೀಪ ಹತ್ತಿತು. ಕಂಪ್ಯೂಟರು ಮಾತ್ರ ಯಾವ ಪೆಟ್ಟಿಗೆಯೂ ಕಾಣುತ್ತಿಲ್ಲವೆಂದಿತು. ಅವಳು ಕಿತ್ತಳು, ಸಿಕ್ಕಿಸಿದಳು. ಊದಿ ಸಿಕ್ಕಿಸಿದಳು. ಸೆರಗಿನಿಂದ ಒರೆಸಿ ಸಿಕ್ಕಿಸಿದಳು. ಕಾಣುತ್ತಿಲ್ಲ.

"ರೀ, ಬಾಕ್ಸಲ್ಲಿ ಬಂದಿದ್ದ ಕೇಬಲ್ ಇದೇ ತಾನೆ? ಡ್ರಾಯರಲ್ಲಿತ್ತು."

ಗಂಗಾಧರ ಬಗ್ಗಿ ನೋಡಿದ. ಅದಲ್ಲ. ಅವಳ ಕೈಯಲ್ಲಿದ್ದದ್ದು ಯಾವುದೋ ಹಳೆ ಚಾರ್ಜರಿನದು. ಬಾಕ್ಸಿನ ಕೇಬಲ್ಲು ಬಹಳ ಉದ್ದವಿದೆಯೆಂದು, ಮಲಗಿಕೊಂಡೇ ಫೋನ್ ನೋಡಲು ಅನುಕೂಲವೆಂದು, ಅವನೇ ಎತ್ತಿಕೊಂಡು ಹೋಗಿ ಮಂಚದ ಪಕ್ಕ ಸಿಕ್ಕಿಸಿಕೊಂಡಿದ್ದ. ಇನ್ನೊಂದು ವಿಷಯವೂ ಅವನಿಗೆ ಗೊತ್ತಿತ್ತು. ಒಮ್ಮೆ ಸೊಸೈಟಿಯ ಸಭೆಯ ಫೋಟೋಗಳನ್ನು ಫೋನಿನಿಂದ ಆಫೀಸಿನ ಕಂಪ್ಯೂಟರಿಗೆ ಇಳಿಸಲು ಹೋಗಿ ಇಡೀ ಮಧ್ಯಾಹ್ನ ಹಾಳು ಮಾಡಿಕೊಂಡು, ಕೆಲವು ಕೇಬಲ್ಲುಗಳಲ್ಲಿ ಕರೆಂಟು ಮಾತ್ರ ಹೋಗುತ್ತದೆ, ಮಾಹಿತಿ ಹೋಗುವುದಿಲ್ಲವೆಂದು ಕಲಿತಿದ್ದ. ಅವನು ಈ ಜನ್ಮದಲ್ಲಿ ಸಂಪಾದಿಸಿದ ತಾಂತ್ರಿಕ ಜ್ಞಾನವೆಲ್ಲ ಅಷ್ಟೇ.

"ಕಪ್ಪಗಿದೆಯಲ್ಲ, ಅದೇ ಇರ್ಬೇಕು" ಎಂದ. (ಅರ್ಧ ಸತ್ಯವೇ. ಕೇಬಲ್ಲು ಕಪ್ಪಗಂತೂ ಇತ್ತು.)

ಜಗಲಿಯಲ್ಲಿ ಸೊಪ್ಪು ಬಿಡಿಸುತ್ತಿದ್ದ ಅವನ ತಾಯಿ ಮಂಗಮ್ಮ ಕತ್ತು ಉದ್ದ ಮಾಡಿದರು. "ಏನಮ್ಮ ಅದು, ಶ್ರುತಿಪೆಟ್ಟಿಗೆನಾ?"

"ಟ್ಯೂನರ್ ಅತ್ತೆ. ಇಂಜಿನ್ನಿಗೆ."

"ಅದೇ ಅಲ್ವಾ? ಶ್ರುತಿ ಸೇರ್ತಿಲ್ಲ ಅನ್ನು. ಯಾರ್ದೋ ದೃಷ್ಟಿ. ಇರು, ನಿಂಬೆಹಣ್ಣು ಇಳಿಸ್ತೀನಿ."

ನಿಂಬೆಹಣ್ಣು ಬೈಕಿಗೂ ಇಳಿಯಿತು, ಲ್ಯಾಪ್‌ಟಾಪಿಗೂ ಇಳಿಯಿತು. ಕಂಪ್ಯೂಟರು ಜಗ್ಗಲಿಲ್ಲ. ಕೊನೆಗೆ ಆಶಾರಾಣಿ ತಮ್ಮನಿಗೆ ಫೋನ್ ಮಾಡಿದಳು. ರಮೇಶ್‌ಬಾಬು ಚಿಕ್ಕಬಳ್ಳಾಪುರದಲ್ಲಿ ಕಂಪ್ಯೂಟರ್ ಪಾಠ ಹೇಳುವವನು, ಚಿಕ್ಕಮ್ಮನ ಮನೆ ಊಟಕ್ಕೆ ಅವನೂ ಹೊರಟಿದ್ದ. ದಾರಿಯಲ್ಲಿ ಇಲ್ಲಿಗೆ ಸ್ಕೂಟರು ತಿರುಗಿಸಿದ.

ಇನ್ನು ಬಸ್ಸು ತಪ್ಪಿತೆಂದುಕೊಂಡ ಗಂಗಾಧರ. ಆದರೆ ಭಾವಮೈದುನ ಕೇಬಲ್ಲೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಪರೀಕ್ಷಿಸಿದ. ಸಾಫ್ಟ್‌ವೇರ್ ತೆಗೆದು ಮತ್ತೆ ಹಾಕಿದ. ಬೈಕಿನ ಕೀ ಆನ್ ಮಾಡಿಸಿದ, ಆಫ್ ಮಾಡಿಸಿದ. ಲ್ಯಾಪ್‌ಟಾಪನ್ನು ಮಲಗಿಸಿ ಎಬ್ಬಿಸಿದ. ಎಲ್ಲ ಮುಗಿಸಿ, ಆಪರೇಷನ್ ಕೋಣೆಯಿಂದ ಡಾಕ್ಟರು ಹೊರಗೆ ಬಂದು ಹೇಳುವ ಧಾಟಿಯಲ್ಲಿ, "ದೀಪ ಉರೀತಿದೆ, ಅಂದ್ರೆ ಕೇಬಲ್ ಪರ್ಫೆಕ್ಟು. ಪೆಟ್ಟಿಗೇನೇ ಡೆಡ್ಡು ಅಕ್ಕ. ವಾಪಸ್ ಕಳ್ಸು" ಎಂದ.

ಗಂಗಾಧರ ಒಳಗೆ ಹೋಗಿ ಬಸ್ಸಿಗೆಂದು ಇಸ್ತ್ರಿ ಶರ್ಟು ತೊಟ್ಟುಕೊಂಡು ಬಂದ. ಅಷ್ಟಕ್ಕೇ ನಿಂತಿದ್ದರೆ ಅವನಷ್ಟು ಸುಖಿ ಇನ್ನೊಬ್ಬನಿರಲಿಲ್ಲ.

"ನೀವೇನಾದ್ರೂ ಹೇಳ್ರೀ" ಎಂದಳು ಆಶಾರಾಣಿ, ಸುಮ್ಮನೆ ಮಾತಿಗೆ.

"ಭಾವಂಗ್ಯಾಕೆ ತೊಂದ್ರೆ ಬಿಡಕ್ಕ" ಎಂದು ರಮೇಶ್‌ಬಾಬು ನಕ್ಕ. "ಸೊಸೈಟೀಲಿ ಮೊಹರು ಒತ್ತೋರಿಗೆ ಇದೆಲ್ಲ ಎಲ್ಲಿ ಅರ್ಥ ಆಗುತ್ತೆ!"

ಆಶಾರಾಣಿ ನಕ್ಕಳು. ಅದನ್ನು ನುಂಗಿಕೊಳ್ಳಬಹುದಿತ್ತು. ಹೆತ್ತ ತಾಯಿಯೂ ಸೊಪ್ಪಿನ ಮೊರದ ಮೇಲೆ ಬಗ್ಗಿ ನಕ್ಕರು.

"ದೀಪ ಉರಿದುಬಿಟ್ರೆ ಆಯ್ತೇನೋ?" ಎಂಬ ಧ್ವನಿ ಕೇಳಿಸಿತು. ಅದು ತನ್ನದೇ ಎಂದು ಗಂಗಾಧರನಿಗೆ ಗೊತ್ತಾಗುವ ಹೊತ್ತಿಗೆ ನಾಲಿಗೆ ಬಹಳ ಮುಂದೆ ಹೋಗಿತ್ತು. "ಗಂಡ ಹೆಂಡ್ತಿ ಜಗಳ ಆಡಿದ್ ಮನೇಲಿ ತಟ್ಟೆಗೆ ಊಟ ಬರುತ್ತೆ, ಬಾಯಿಂದ ಮಾತು ಬರಲ್ಲ. ಈ ಕೇಬಲ್ಲೂ ಅಂಥದ್ದೇ. ಕರೆಂಟು ಕೊಡುತ್ತೆ, ಮಾತಾಡಲ್ಲ. ಇರು, ಬಂದೆ."

ಒಳಗೆ ಹೋಗಿ ಉದ್ದನೆಯ ಕೇಬಲ್ ತಂದು, ಹಳೆಯದನ್ನು ಕಿತ್ತೆಸೆದು, ಸಿಕ್ಕಿಸಿದ. ಪರದೆಯ ತುಂಬ ಅಂಕಿಗಳು ಸಾಲುಸಾಲಾಗಿ ಮೂಡಿದವು. ರಮೇಶ್‌ಬಾಬು ಹಳೆಯ ಕೇಬಲ್ಲನ್ನು ಎತ್ತಿಕೊಂಡು ತಿರುಗಿಸಿ ತಿರುಗಿಸಿ ನೋಡಿದ. "ನೋಡ್ದಾ, ನಿಂಬೆಹಣ್ಣು ಸ್ವಲ್ಪ ನಿಧಾನ, ಅಷ್ಟೇ" ಎಂದರು ಮಂಗಮ್ಮ.

"ಇಷ್ಟೆಲ್ಲ ಗೊತ್ತಿದ್ದೂ ಬೆಳಗ್ಗಿಂದ ಯಾಕ್ರೀ ಸುಮ್ನಿದ್ರಿ?" ಎಂದಳು ಆಶಾರಾಣಿ.

"ತಿಳಿದೋರು ಮಾಡ್ತಿದ್ರಲ್ಲ, ಮಧ್ಯೆ ಯಾಕೆ ಅಂತ."

ಅವಳು ಅವನನ್ನು ನೋಡಿದಳು. ಮದುವೆಯಾದಾಗಿನಿಂದ ಹೀಗೆ ನೋಡಿದ್ದು ಅವನಿಗೆ ನೆನಪಿರಲಿಲ್ಲ. ಆ ನೋಟವನ್ನು ಅವನು ಪಾಯಸದಂತೆ ಸವಿಯುತ್ತಿರುವಾಗಲೇ ಅವಳು ಹೆಲ್ಮೆಟ್ ಚಾಚಿದಳು.

"ಹತ್ತಿ ಹಾಗಾದ್ರೆ. ನಿಂತಿರೋ ಬೈಕಿಂದ ಸರಿಯಾದ ನಂಬರ್ ಬರಲ್ಲ, ಓಡೋವಾಗ ನೋಡ್ಬೇಕು. ನೀವು ಹಿಂದೆ ಕೂತು ಲ್ಯಾಪ್‌ಟಾಪ್ ಹಿಡ್ಕೊಂಡು ಓದಿ ಹೇಳಿ. ಪುಣ್ಯಕ್ಕೆ ಕೇಬಲ್ಲೂ ಉದ್ದ ಇದೆ."

"ನಾನಾ? ರಮೇಶ ಇದಾನಲ್ಲ!"

"ಅಯ್ಯೋ, ನಾನೆಲ್ಲಿ ಭಾವ" ಎಂದು ರಮೇಶ್‌ಬಾಬು ಭಕ್ತಿಯಿಂದ ಕೈಮುಗಿದ. "ವಿಷಯ ತಿಳಿದೋರು ನೀವು."

"ಸೊಂಟ..."

"ನೆಟ್ಟಗೆ ಕೂತ್ರೆ ಏನೂ ಆಗಲ್ಲ."

ಇಷ್ಟು ದಿನ ಅವನು ಹಿಂದಿನ ಕಂಬಿಯನ್ನು ಎರಡೂ ಕೈಯಿಂದ ಹಿಡಿದು ದೇವರನ್ನು ನೆನೆಯುತ್ತಿದ್ದ. ಈಗ ಎರಡು ಕೈಗೂ ಲ್ಯಾಪ್‌ಟಾಪ್ ಬಂತು, ದೇವರನ್ನು ನೆನೆಯಬೇಕಾದ ಬಾಯಿಗೆ ಅಂಕಿಗಳು ಬಂದವು.

"ಎಪ್ಪತ್ತೆಂಟು!" ಎಂದು ಗಾಳಿಯಲ್ಲಿ ಕಿರುಚಿದ.

"ಪೆಟ್ರೋಲಿಂದು ಓದ್ರೀ, ಸ್ಪೀಡ್ ಯಾಕೆ ಓದ್ತೀರಾ?"

ಮೊದಮೊದಲು ಅವನ ಕಣ್ಣಿಗೆ ಬೇರೆ ಅಂಕಿಯೇ ಕಾಣುತ್ತಿರಲಿಲ್ಲ. ಅಲ್ಲಲ್ಲಿ ನಿಲ್ಲಿಸಿ ಅವಳು ಪರದೆಯಲ್ಲಿ ಏನೋ ತಿದ್ದುತ್ತಿದ್ದಳು. ಅವನು ಸರಿಯಾಗಿ ಓದಿದಷ್ಟೂ ಬೈಕು ಸರಿಯಾಗುತ್ತಿತ್ತು, ಬೈಕು ಸರಿಯಾದಷ್ಟೂ ಅವಳು ಜೋರಾಗಿ ಓಡಿಸುತ್ತಿದ್ದಳು. ಹೀಗೆ ತನ್ನ ಕೈಯಾರೆ ತನ್ನ ಪ್ರಾಣವನ್ನು ಟ್ಯೂನ್ ಮಾಡಿಕೊಳ್ಳುತ್ತ ಗಂಗಾಧರ ಚಿಂತಾಮಣಿ ತಲುಪಿದ.

ಇಳಿದಾಗ ಲ್ಯಾಪ್‌ಟಾಪನ್ನು ಅವನ ತೋಳಿನಿಂದ ಬಿಡಿಸಲು ಅಕ್ಕಯಮ್ಮನೂ ಕೈಹಾಕಬೇಕಾಯಿತು. ಆಶಾರಾಣಿ ಮಾತ್ರ ಊಟದ ಪಂಕ್ತಿಯಲ್ಲಿ ಕೂತವರಿಗೆಲ್ಲ ಗಂಡನ ಜಾಣತನವನ್ನು ವರ್ಣಿಸಿದ್ದೇ ವರ್ಣಿಸಿದ್ದು. ಒಬ್ಬಟ್ಟು ಬಡಿಸುವವರು ಅವನ ಎಲೆಗೆ ಇನ್ನೊಂದು ಹಾಕಿದರು.

"ಭಾವ" ಎಂದ ಎದುರು ಪಂಕ್ತಿಯಿಂದ ರಮೇಶ್‌ಬಾಬು, ಎಲ್ಲರಿಗೂ ಕೇಳುವಂತೆ. "ಗೌರಿಬಿದನೂರಲ್ಲಿ ನನ್ ಸ್ನೇಹಿತ ಮೋಹನ್‌ಬಾಬು ಅಂತ. ಅವ್ನೂ ಟ್ಯೂನರ್ ತರಿಸವ್ನೆ. ಮುಂದಿನ್ ಭಾನುವಾರ ಹಿಂದೆ ಕೂತು ನೋಡಿ ಕೊಡ್ತೀರಾ? ಅವ್ನು ಅಕ್ಕನಷ್ಟು ನಿಧಾನ ಓಡಿಸಲ್ಲ."

ಆಗುವುದಿಲ್ಲವೆನ್ನಲು ಗಂಗಾಧರ ಬಾಯಿ ತೆರೆದ. ಇಡೀ ಪಂಕ್ತಿ ತುತ್ತು ನಿಲ್ಲಿಸಿ ಅವನನ್ನೇ ನೋಡುತ್ತಿತ್ತು.

"ಕೇಬಲ್ ನಾನೇ ತರ್ತೀನಿ" ಎಂದ.