ಮಾವನವರ ಬೈಕಿಗೆ ಒಂದು ತಿಂಗಳ ಆರೈಕೆ

ಸೊಸೆಗೆ ಅಡುಗೆ ಕಲಿಸುವ ಅತ್ತೆಯರನ್ನು ನೀವು ನೋಡಿರಬಹುದು. ಸ್ಪಾರ್ಕ್ ಪ್ಲಗ್ ಬಿಚ್ಚುವುದನ್ನು ಕಲಿಸುವ ಮಾವ ಇಡೀ ತುಮಕೂರಿಗೆ ಒಬ್ಬರೇ. ಅವರು ನನ್ನ ಪಾಲಿಗೇ ಬರಬೇಕೆ!

ಊರಂಚಿನ ಸತ್ಯಮಂಗಲದ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿ ನಿವೃತ್ತರಾದ ಇವರಿಗೆ ಮೆಕ್ಯಾನಿಕ್ ಎಂಬ ಜೀವಿಯ ಮೇಲೆ ನಂಬಿಕೆಯಿಲ್ಲ. ಬೆಳಿಗ್ಗೆ ಸದಾಶಿವನಗರದ ಮನೆಯಿಂದ ನನ್ನನ್ನು ಬಸ್ ಸ್ಟ್ಯಾಂಡಿಗೆ ಬಿಡುವ ಹಕ್ಕನ್ನು ಮಗನಿಗೂ ಬಿಟ್ಟುಕೊಟ್ಟವರಲ್ಲ. ನಾನು ಕುಣಿಗಲ್ ಬಸ್ಸು ಹಿಡಿದು ಕೊತ್ತಗೆರೆಯ ಶಾಲೆಗೆ ಪಾಠ ಹೇಳಲು ಹೋಗಬೇಕು. ಮಾವನ ಹಳೇ ಬೈಕೋ, ಒಂದು ತಿಂಗಳಿಂದ ಹತ್ತು ಕಿಕ್ ಹೊಡೆದರೂ ಸ್ಟಾರ್ಟ್ ಆಗದು. ಬಸ್ಸೇನು ಕಾಯುತ್ತದೆಯೇ? ಹೆಡ್‌ಮೇಡಂ ಸುಮ್ಮನಿರುತ್ತಾರೆಯೇ?

ಮೊದಲು ಪ್ಲಗ್ಗಿನ ಮೇಲೆ ಅನುಮಾನ. ಅದರ ಮಸಿ ಉಜ್ಜಿ, ನನ್ನ ದೋಸೆ ಹಂಚಿನ ಮೇಲೆ ಬಿಸಿ ಮಾಡಿದರು!

"ಹಂಚೆಲ್ಲ ಪೆಟ್ರೋಲ್ ವಾಸ್ನೆ ಮಾವ!" ಎಂದು ರೇಗಿದೆ.

"ಪ್ಲಗ್ ನೋಡವ್ವ, ಎಂಗ್ ಹೊಳೀತದೆ!"

ಆಮೇಲೆ ಕಾರ್ಬೊರೇಟರ್ ಬಿಚ್ಚಿದರು. ಬಿಡಿಭಾಗಗಳು ಕಳೆದುಹೋಗಬಾರದಲ್ಲ? ಇಡ್ಲಿ ತಟ್ಟೆಯ ಒಂದೊಂದು ಗುಳಿಯಲ್ಲಿ ಒಂದೊಂದನ್ನು ಜೋಡಿಸಿಟ್ಟರು. ನಾವು ಉಪ್ಪಿಟ್ಟು ತಿಂದೆವು. ಮೂರನೇ ವಾರ ಹೊಸ ಏರ್ ಫಿಲ್ಟರ್ ಬಂತು. ನಾಲ್ಕನೇ ಭಾನುವಾರವೆಲ್ಲ ಇಂಜಿನ್ನಿನ ಟ್ಯಾಪೆಟ್ ಸರಿಮಾಡಿದ್ದಾಯಿತು. ಅವತ್ತೇ ಸಂಜೆ ಒಣಮೆಣಸಿನಕಾಯಿ ನಿವಾಳಿಸಿ ಸುಟ್ಟು ಬೈಕಿಗೆ ದೃಷ್ಟಿಯನ್ನೂ ತೆಗೆದರು. ಬೀದಿಯೆಲ್ಲ ಕೆಮ್ಮಿತು, ಬೈಕು ಮಾತ್ರ ಕೆಮ್ಮಲೂ ಇಲ್ಲ!

ಮಾರನೇ ದಿನ ಶಾಲೆಗೆ ಮೇಲಧಿಕಾರಿಗಳು ತಪಾಸಣೆಗೆ ಬರುವವರಿದ್ದರು. ಅವತ್ತೂ ಎಂಟು ಕಿಕ್ ಹೊಡೆದು ಮಾವ ಬೆವರಿದರು.

"ಏನೋ ದೊಡ್ಡ್ ಕಾಯ್ಲೇನೇ ಕಣವ್ವ. ನಾಳೆ ಇಂಜಿನ್ನೇ ಇಳಿಸ್ಬುಡ್ತೀನಿ."

"ಮೊದ್ಲು ನೀವು ಇಳೀರಿ ಮಾವ! ನಾನೇ ಹೊಡೀತೀನಿ!"

ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ತಿಂಗಳ ಸಿಟ್ಟನ್ನೆಲ್ಲ ಕಾಲಿಗೆ ತಂದುಕೊಂಡು ಒಂದೇ ಒಂದು ಕಿಕ್ ಹೊಡೆದೆ. ಬೈಕು ಸ್ಟಾರ್ಟ್!

ನಾಲ್ಕು ಮಾತು ಆಡಿಯೇಬಿಡೋಣವೆಂದು ತಿರುಗಿದೆ. ಮಾವ ಮೆಟ್ಟಿಲ ಮೇಲೆ ಕೂತು, ಬಲ ಮಂಡಿಯನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದುಕೊಂಡಿದ್ದರು. ಬೈಕಿಗೆ ಏನೂ ಆಗಿರಲಿಲ್ಲ. ತಿಂಗಳಿಡೀ ಅವರು ತಮ್ಮ ಕಾಲೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಬಿಚ್ಚಿ ನೋಡಿದ್ದರು.

"ನೀನ್ ಹೊಡುದ್ರೆ ಆಯ್ತದಲ್ಲವ್ವ," ಎಂದರು ಮೆಲ್ಲಗೆ, ನನ್ನ ಮುಖ ನೋಡದೆ.

"ನೀವು ನಿನ್ನೆ ಟ್ಯಾಪೆಟ್ ಸರಿ ಮಾಡಿದ್ರಲ್ಲ ಮಾವ, ಅದಕ್ಕೇ ಆಯ್ತು. ಬನ್ನಿ, ಲೇಟಾಗ್ತಿದೆ, ನೀವೇ ಓಡಿಸ್ಬೇಕು."

ಅವರು ನಂಬಲಿಲ್ಲ. ಆದರೂ ಎದ್ದು ಬಂದು ಹ್ಯಾಂಡಲ್ ಹಿಡಿದರು.